ಕೆಲಸ ಮಲೆನಾಡಿನದು, ಆಳು ಘಟ್ಟದಾಚೆಯವರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ದೊಡ್ಡ ಕಾಮಗಾರಿಗೆ ಕೈಹಾಕಿದವರು ಹಲವರು. ಮೈಸೂರು ಅರಸರ ಸರ್ಕಾರ ರೈಲುಹಳಿ ಹಾಸಿತು, ಕಾಡಿನ ಸೌದೆ ನಂಬಿ ಕಬ್ಬಿಣದ ಕಾರ್ಖಾನೆ ಕಟ್ಟಿತು. ಸ್ವಾತಂತ್ರ್ಯ ಬರುವ ಹೊತ್ತಿಗೆ ಭದ್ರೆಗೆ ಅಣೆಕಟ್ಟು ಶುರುವಾಯಿತು. ಆಮೇಲೆ ಕುದುರೆಮುಖದ ಅದಿರಿಗೆ ಇರಾನಿನ ಎಣ್ಣೆ ದುಡ್ಡು ಹರಿದುಬಂತು. ಹಣದ ಮೂಲ ಬೇರೆ, ಎಂಜಿನಿಯರುಗಳ ದೇಶ ಬೇರೆ. ತೊಡಕು ಮಾತ್ರ ಪ್ರತಿ ಸಲವೂ ಒಂದೇ: ಆಳು ಎಲ್ಲಿಂದ ತರುವುದು?

ಮೇಲ್ನೋಟಕ್ಕೆ ಇದು ವಿಚಿತ್ರ. ಊರಲ್ಲಿ ಜನರಿದ್ದರು, ಬಡತನವೂ ಇತ್ತು. ಆದರೂ ಗುತ್ತಿಗೆದಾರನ ಕೂಲಿಗೆ ಸ್ಥಳೀಯರು ಬರಲಿಲ್ಲ. ಅದಕ್ಕೆ ಅಂದಿನ ಅಧಿಕಾರಿಗಳು ಮಲೆನಾಡಿಗರ ಆಲಸ್ಯವನ್ನು ದೂರಿದ್ದುಂಟು. ಅಡಿಕೆ ತೋಟದ ವರ್ಷವನ್ನು ಒಮ್ಮೆ ಗಮನಿಸಿದ್ದರೆ ಆ ಮಾತು ಅವರ ಬಾಯಿಗೆ ಬರುತ್ತಿರಲಿಲ್ಲ.

ಮಳೆ ಹಿಡಿಯುವ ಮುನ್ನ ಅಡಿಕೆ ಕೊನೆಗಳಿಗೆ ಮಳೆ ತಡೆಯುವ ಕೊಟ್ಟೆ ಕಟ್ಟಬೇಕು. ಇಲ್ಲದಿದ್ದರೆ ಕೊಳೆ ರೋಗ ಬಂದು ಎಳೆಗಾಯಿ ಉದುರುತ್ತದೆ. 1910ರ ಸುಮಾರಿಗೆ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ, ಮೈಲುತುತ್ತ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಲು ಹೇಳಿಕೊಟ್ಟ ಮೇಲೆ ಕೊಟ್ಟೆಯ ಕಾಟ ಕಡಿಮೆಯಾಯಿತು. ಆದರೆ ಮರ ಹತ್ತುವ ಕೆಲಸ ಹಾಗೇ ಉಳಿಯಿತು. ಮಳೆ ಬಿಟ್ಟೊಡನೆ ಗದ್ದೆ ಕೊಯ್ಲು, ಅದರ ಬೆನ್ನಿಗೇ ಅಡಿಕೆ ಕೊಯ್ಲು. ಕೊನೆಗಾರ ಕಾಲಿಗೆ ತಳೆ ಹಾಕಿಕೊಂಡು, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಒಂದು ಮರ ಹತ್ತಿದರೆ ಸುಲಭಕ್ಕೆ ಇಳಿಯುವುದಿಲ್ಲ. ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಕೊಯ್ದ ಕೊನೆಯನ್ನು ಹಗ್ಗದಲ್ಲಿ ಜಾರಿಬಿಟ್ಟರೆ ಕೆಳಗಿದ್ದವನು ಹಿಡಿದುಕೊಳ್ಳುತ್ತಾನೆ. ಸಂಜೆಯಾದ ಮೇಲೆ ಜಗಲಿಯಲ್ಲಿ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ನಡುರಾತ್ರಿವರೆಗೆ ಸುಲಿಯುತ್ತಾರೆ. ಸುಲಿದದ್ದನ್ನು ಚೊಗರು ಹಾಕಿ ಹಂಡೆಯಲ್ಲಿ ಬೇಯಿಸಬೇಕು, ಚಪ್ಪರದ ಮೇಲೆ ಹರವಿ ಒಣಗಿಸಬೇಕು. ಇದೆಲ್ಲ ನಡೆಯುವುದು ಕಾರ್ತೀಕದಿಂದ ಮಾಘದ ಆಸುಪಾಸಿನವರೆಗೆ. ರಸ್ತೆ, ಸೇತುವೆ, ಅಣೆಕಟ್ಟಿನ ಕೆಲಸ ಮಾಡಲು ಆಕಾಶ ಬಿಡುವು ಕೊಡುವುದೂ ಆಗಲೇ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಮಳೆಯಲ್ಲಿ ಮಣ್ಣು ಅಗೆಯುವವರು ಯಾರು? ಹಾಗಾಗಿ ಗುತ್ತಿಗೆದಾರನಿಗೂ ತೋಟದ ಒಡೆಯನಿಗೂ ಒಂದೇ ತಿಂಗಳುಗಳಲ್ಲಿ ಅದೇ ಆಳು ಬೇಕಾಗುತ್ತಿತ್ತು.

ಆ ಆಳಿನ ಮೇಲೆ ಒಡೆಯನ ಹಿಡಿತ ಬಿಗಿಯಾಗಿತ್ತು. ಮದುವೆಗೋ ಕಾಯಿಲೆಗೋ ಪಡೆದ ಸಾಲಕ್ಕೆ ತಲೆಮಾರುಗಟ್ಟಲೆ ಜೀತ ಬಿದ್ದವರು ಕೂಲಿ ಹೆಚ್ಚು ಸಿಗುತ್ತದೆಂದು ಎದ್ದು ಹೋಗುವಂತಿರಲಿಲ್ಲ. ತೋಟಕ್ಕೆ ಕಡಿಮೆ ಬಿದ್ದ ಕೈಗಳನ್ನು ಘಟ್ಟದ ಕೆಳಗಿನಿಂದ ತರುವ ಏರ್ಪಾಡು ಬೇರೆಯೇ ಇತ್ತು. ಸೇರೆಗಾರ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಮುಂಗಡ ಹಂಚಿ ಆಳುಗಳನ್ನು ಕೂಡಿಸಿ ಘಟ್ಟ ಹತ್ತಿಸುತ್ತಿದ್ದ. ಮಳೆಗಾಲ ಹತ್ತಿರವಾದಂತೆ ಅವರು ಇಳಿದು ಹೋಗುತ್ತಿದ್ದರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ತಮ್ಮ ‘ಕಾನೂರು ಹೆಗ್ಗಡಿತಿ’ಯಲ್ಲಿ ಸೇರೆಗಾರನೊಬ್ಬನನ್ನು ಮುಖ್ಯ ಪಾತ್ರವಾಗಿಸಿದ್ದು ಸುಮ್ಮನಲ್ಲ, ಆ ಕಾಲದ ಮಲೆನಾಡಿನ ಮನೆಯಲ್ಲಿ ಅವನಿಲ್ಲದೆ ಸುಗ್ಗಿ ಸಾಗುತ್ತಿರಲಿಲ್ಲ. ಕಾಫಿ ಎಸ್ಟೇಟುಗಳಲ್ಲಿ ಇದೇ ಕೆಲಸ ಮೇಸ್ತ್ರಿಯದು. ಮುಂಗಡ ಪಡೆದು ಓಡಿಹೋದವನನ್ನು ಹಿಡಿಸಲು ಪ್ಲಾಂಟರುಗಳ ಕೈಯಲ್ಲಿ 1859ರ ಕರಾರು ಉಲ್ಲಂಘನೆ ಕಾಯ್ದೆಯೂ ಇತ್ತು.

ಇದರ ಮೇಲೆ ಚಳಿಜ್ವರ. ಮಲೆನಾಡಿನ ಮಲೇರಿಯಾ ಹರಡುತ್ತಿದ್ದ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲುವಿಯಾಟಿಲಿಸ್ ಮೊಟ್ಟೆಯಿಡುವುದು ನಿಂತ ಕೊಚ್ಚೆಯಲ್ಲಲ್ಲ, ಹರಿಯುವ ತಿಳಿನೀರಿನ ಅಂಚಿನಲ್ಲಿ. ತೋಟದ ಕಪ್ಪು (ಬಸಿಗಾಲುವೆ), ಹಳ್ಳ, ಒರತೆಗಳೇ ಅದರ ಮನೆ. ಬಯಲುಸೀಮೆಯಿಂದ ಬಂದ ಕೂಲಿಯವರು ಒಂದೇ ಹಂಗಾಮಿನಲ್ಲಿ ಜ್ವರ ಹಿಡಿದು ಊರಿಗೆ ಮರಳುತ್ತಿದ್ದರು. ಮರಳಲಾಗದೆ ಸತ್ತವರೂ ಕಡಿಮೆಯಿಲ್ಲ. ಜನಸಂಖ್ಯೆ ಇಳಿಯುತ್ತಿದ್ದುದನ್ನು ಕಂಡು, ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದ ಅವಧಿಯಲ್ಲಿ (1912–1918) ಮೈಸೂರು ಸರ್ಕಾರ ಮಲೆನಾಡು ಸುಧಾರಣೆಗೆಂದೇ ಯೋಜನೆ ಹಾಕಿಕೊಂಡಿತು. ತರೀಕೆರೆಯಿಂದ ಕಾಡು ಸೀಳಿಕೊಂಡು ಬಂದ ಎರಡಡಿ ಅಗಲದ ಪುಟ್ಟ ರೈಲುಹಾದಿಯೂ ಆ ಕಾಲದ್ದೇ. ಅದು ಕೊನೆಗೊಳ್ಳುತ್ತಿದ್ದ ಊರು ಯಡೇಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಹೊತ್ತು ಅದು ನರಸಿಂಹರಾಜಪುರವಾಯಿತು. ಜನರ ಬಾಯಲ್ಲಿ ಎನ್.ಆರ್.ಪುರ. ಇಂದು ಅಲ್ಲಿ ಹಳಿಯೂ ಇಲ್ಲ, ರೈಲೂ ಇಲ್ಲ.

ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ 1918ರ ನಂತರ ಎದ್ದುನಿಂತ ಮೈಸೂರು ಕಬ್ಬಿಣದ ಕಾರ್ಖಾನೆಗೆ ಈ ಕಾಡುಗಳೇ ಆಸರೆ. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಹಾಗಾಗಿ ಕುಲುಮೆಗೆ ಸೌದೆ ಇದ್ದಿಲು ಬೇಕು. ಸೌದೆಯನ್ನು ಬಯಲಲ್ಲಿ ಸುಟ್ಟು ಇದ್ದಿಲು ಮಾಡಿದರೆ ಹೊಗೆಯಲ್ಲೇ ಅರ್ಧ ಸಂಪತ್ತು ಹೋಗುತ್ತದೆ. ಅದಕ್ಕೆ ಅಮೆರಿಕದ ಸಲಹೆಗಾರ ಸಿ.ಪಿ. ಪೆರಿನ್ ಅವರ ಯೋಜನೆಯಂತೆ ಮುಚ್ಚಿದ ದೊಡ್ಡ ಕಬ್ಬಿಣದ ಪಾತ್ರೆಗಳಲ್ಲಿ, ಗಾಳಿ ತಾಕದ ಹಾಗೆ ಸೌದೆ ಕಾಯಿಸಿದರು. ಎದ್ದ ಆವಿಯನ್ನು ತಣಿಸಿ ಮೀಥೈಲ್ ಆಲ್ಕೋಹಾಲ್, ಸುಣ್ಣದ ಅಸಿಟೇಟ್, ಟಾರುಗಳನ್ನು ಬೇರೆಬೇರೆಯಾಗಿ ಇಳಿಸಿಕೊಂಡರು. ಪಾತ್ರೆಯಲ್ಲಿ ಇದ್ದಿಲು ಉಳಿಯಿತು. ಕಚ್ಚಾ ತೈಲವನ್ನು ಕಾಯಿಸಿ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಬೇರ್ಪಡಿಸುವ ತೈಲ ಶುದ್ಧೀಕರಣಾಗಾರದ ಕೆಲಸವೂ ಸ್ಥೂಲವಾಗಿ ಇದನ್ನು ಹೋಲುತ್ತದೆ. ಹೀಗೆ ಎಣ್ಣೆಯ ರಿಫೈನರಿ ಕರ್ನಾಟಕಕ್ಕೆ ಬರುವ ಮುಕ್ಕಾಲು ಶತಮಾನ ಮೊದಲೇ ಮರದ ರಿಫೈನರಿಯೊಂದು ಭದ್ರೆಯ ದಡದಲ್ಲಿ ಉರಿಯುತ್ತಿತ್ತು. ಮರ ಕಡಿಯುವವರು, ತುಂಡು ಹೊರುವವರು, ಹಳಿ ರಿಪೇರಿಯವರು ಅದರ ಹೊಟ್ಟೆ ತುಂಬಲು ದಿನವೂ ಜ್ವರದ ಕಾಡಿಗೆ ಹೋಗಲೇಬೇಕಿತ್ತು.

1923ರಲ್ಲಿ ಕುಲುಮೆ ಹೊತ್ತಿತು, ನಷ್ಟವೂ ಹೊತ್ತಿತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಕರೆಸಿ ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಲಾಯಿತು. ಅವರು ಹಿಡಿದ ದಾರಿಗಳಲ್ಲಿ ಒಂದು, ದುಬಾರಿ ಸಂಬಳದ ವಿದೇಶಿ ತಜ್ಞರ ಜಾಗಕ್ಕೆ ಮೈಸೂರಿನ ಹುಡುಗರನ್ನು ತಯಾರು ಮಾಡಿ ಕೂರಿಸುವುದು. ಕೂಲಿಯನ್ನು ಎಲ್ಲಿಂದಲೋ ತರಬಹುದು, ಕುಲುಮೆಯ ಹದ ನೋಡುವವನನ್ನು ಊರಲ್ಲೇ ಬೆಳೆಸಬೇಕು ಎಂಬುದು ಅವರ ಲೆಕ್ಕ. ಆ ಕೆಲಸಕ್ಕೆ ತಮಗೆ ಸಲ್ಲಬೇಕಿದ್ದ ಸಂಭಾವನೆಯ ಹಣವನ್ನೂ ಅವರು ಕಸುಬು ಕಲಿಸುವ ಶಾಲೆಗೇ ಬಿಟ್ಟುಕೊಟ್ಟರು. ಬೆಂಗಳೂರಿನಲ್ಲಿ 1943ರಲ್ಲಿ ಶುರುವಾದ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ ಅದರ ಫಲ. ಇಂದಿಗೂ ಪಾಲಿಟೆಕ್ನಿಕ್ ಆಗಿ ನಡೆಯುತ್ತಿದೆ.

ಎಣ್ಣೆಯ ಲೋಕದಲ್ಲೂ ಆಗ ನಡೆದದ್ದು ಹೆಚ್ಚು ಕಡಿಮೆ ಇದೇ. ಅಸ್ಸಾಮಿನ ದಿಗ್ಬೋಯ್‌ನಲ್ಲಿ 1901ರಲ್ಲಿ ಶುದ್ಧೀಕರಣಾಗಾರ ಶುರುವಾದಾಗ ಸುತ್ತ ದಟ್ಟ ಕಾಡು. ಕೂಲಿಗಳನ್ನು ದೂರದಿಂದ ತರಿಸಬೇಕಾಯಿತು. ಪರ್ಷಿಯಾದ (ಇಂದಿನ ಇರಾನಿನ) ಅಬಾದಾನಿನಲ್ಲಿ 1912ರ ಹೊತ್ತಿಗೆ ಆಂಗ್ಲೋ-ಪರ್ಷಿಯನ್ ಕಂಪನಿಯ ಘಟಕ ಎದ್ದಾಗ ಮಣ್ಣು ಹೊರಲು ಆ ಸೀಮೆಯ ಅರಬರು, ಬಖ್ತಿಯಾರಿ ಬುಡಕಟ್ಟಿನವರು ಸಿಕ್ಕರು. ಬಾಯ್ಲರು, ಫಿಟ್ಟಿಂಗು, ಗುಮಾಸ್ತಿಕೆಗೆ ಮಾತ್ರ ರಂಗೂನಿನಲ್ಲಿ ಪಳಗಿದ ಭಾರತೀಯರು ಹಡಗೇರಿ ಹೋದರು. ಕೂಲಿ, ವಸತಿಯ ತಾರತಮ್ಯಕ್ಕೆ ಬೇಸತ್ತು ಅವರೇ ಅಲ್ಲಿ 1920ರ ದಶಕದ ಆರಂಭದಲ್ಲಿ ಮುಷ್ಕರ ಹೂಡಿದರು. ಕಂಪನಿಯೊಂದಿಗಿನ 1933ರ ಒಪ್ಪಂದದಲ್ಲಿ ಪರ್ಷಿಯಾ ಪಟ್ಟು ಹಿಡಿದು, ಹೊರಗಿನವರನ್ನು ಹಂತಹಂತವಾಗಿ ಕಡಿಮೆ ಮಾಡಬೇಕೆಂಬ ಷರತ್ತು ಸೇರಿಸಿತು. ಅದಾದ ಮೇಲೆ, 1939ರಲ್ಲಿ, ಅಬಾದಾನಿಗೆ ತಾಂತ್ರಿಕ ಶಾಲೆ ಬಂತು.

ಮಲೆನಾಡಿಗೆ ಮರಳಿದರೆ, 1947ರಲ್ಲಿ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಕೆಲಸ ಮೊದಲಾಯಿತು. ಆ ಹೊತ್ತಿಗೆ ಡಿ.ಡಿ.ಟಿ. ಬಂದಿತ್ತು. ಗೋಡೆ ಗೋಡೆಗೆ ಸಿಂಪಡಿಸಿದ ಮೇಲೆ ಕೆಲವೇ ವರ್ಷಗಳಲ್ಲಿ ಕಾಡುಜ್ವರದ ಸೊಕ್ಕು ಮುರಿಯಿತು, ಹೊರಗಿನವರು ಬಂದು ನಿಲ್ಲುವಂತಾಯಿತು. 1960ರ ದಶಕದಲ್ಲಿ ಕೆಲಸ ಮುಗಿದಾಗ 71 ಟಿಎಂಸಿಗೂ ಹೆಚ್ಚು ನೀರು ನಿಲ್ಲುವ ಜಲಾಶಯ ಸಿದ್ಧವಾಗಿತ್ತು. ಆ ನೀರು ಹರಿದದ್ದು ಶಿವಮೊಗ್ಗ, ದಾವಣಗೆರೆಯ ಬಯಲಿಗೆ. ಹಿನ್ನೀರು ನುಗ್ಗಿದ್ದು ಎನ್.ಆರ್.ಪುರದ ಗದ್ದೆ, ಹಳ್ಳಿಗಳಿಗೆ. ಜ್ವರ ಇಳಿದ ಈ ಸೀಮೆಗೆ ಅದೇ ದಶಕಗಳಲ್ಲಿ ತಿರುವಾಂಕೂರಿನ ಕಡೆಯ ಮಲಯಾಳಿ ಕುಟುಂಬಗಳೂ ಬಂದು ನೆಲೆಯೂರಿದವು. ಇಂದು ಆ ತಾಲ್ಲೂಕಿನಲ್ಲಿ ಕಾಣುವ ರಬ್ಬರ್ ತೋಟಗಳಿಗೂ ಚರ್ಚುಗಳಿಗೂ ಆ ವಲಸೆಯೇ ಮೂಲ.

ಶೃಂಗೇರಿಯಿಂದ ಕೆರೆಕಟ್ಟೆ ದಾಟಿ ಹೋದರೆ ಸಿಗುವ ಕುದುರೆಮುಖದಲ್ಲಿ ಎಣ್ಣೆಯ ನಂಟು ನೇರವಾಗಿಯೇ ಇದೆ. ಸಂಪತ್ ಅಯ್ಯಂಗಾರ್ 1913ರಲ್ಲಿ ಗುರುತಿಸಿದ್ದ ಅದಿರಿಗೆ ಅರವತ್ತು ವರ್ಷ ಗಿರಾಕಿ ಇರಲಿಲ್ಲ. 1973ರಲ್ಲಿ ತೈಲದ ಬೆಲೆ ಹಲವು ಪಟ್ಟು ಏರಿತು. ಇರಾನಿನ ಷಾ ತನ್ನ ಉಕ್ಕಿನ ಕನಸಿಗೆ ಅದಿರು ಹುಡುಕುತ್ತಿದ್ದ. 1975ರಲ್ಲಿ 63 ಕೋಟಿ ಡಾಲರ್ ಸಾಲದ ಒಪ್ಪಂದವಾಯಿತು, 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಂಪನಿ ಹುಟ್ಟಿತು. ವರ್ಷಕ್ಕೆ 75 ಲಕ್ಷ ಟನ್ ಅದಿರು ಪುಡಿ ತಯಾರಿಸುವ ಘಟಕ, ಲಕ್ಯಾ ಹೊಳೆಗೆ ಅಣೆಕಟ್ಟು, ಪುಡಿಯನ್ನು ನೀರಲ್ಲಿ ಕದಡಿ ಮಂಗಳೂರಿನ ಪಣಂಬೂರಿಗೆ ಸಾಗಿಸಲು 67 ಕಿ.ಮೀ. ಕೊಳವೆ, ಮಲ್ಲೇಶ್ವರದಲ್ಲಿ ಹೊಸ ಊರು. ಇಷ್ಟೂ ಸುಮಾರು ನಾಲ್ಕು ವರ್ಷದಲ್ಲಿ ಎದ್ದುನಿಂತವು, ಅದೂ ಆಗುಂಬೆಯ ನೆರೆಹೊರೆಯ ಮಳೆಯಲ್ಲಿ.

ಆ ಕಾಲಕ್ಕೆ ಸರಿಯಾಗಿ ಮಲೆನಾಡಿನ ದುಡಿಯುವವನ ಬದುಕೂ ಮಗುಚಿತ್ತು. 1974ರ ಭೂಸುಧಾರಣೆ ಗೇಣಿದಾರನಿಗೆ ಉಳುವ ನೆಲ ಕೊಟ್ಟಿತ್ತು; 1976ರ ಕಾನೂನು ಜೀತದ ಸಾಲ ಅಳಿಸಿತ್ತು. ಕಟ್ಟಡ ಕೂಲಿಗೆ ಎದ್ದುಹೋಗಲು ಈಗ ಜೀತದವನಿಗೆ ಸ್ವಾತಂತ್ರ್ಯವಿತ್ತು, ಹೋಗದಿರಲು ಗೇಣಿದಾರನಿಗೆ ಸ್ವಂತ ನೆಲವಿತ್ತು. ಕುದುರೆಮುಖದ್ದು ಕೇಂದ್ರ ಸರ್ಕಾರದ ಕಂಪನಿಯಾದ್ದರಿಂದ ಎಂಜಿನಿಯರು, ತಂತ್ರಜ್ಞರು ದೇಶದ ಮೂಲೆಮೂಲೆಯಿಂದ ಬಂದರು. ಅತ್ತ 1979ರಲ್ಲಿ ಷಾ ಪದಚ್ಯುತನಾಗಿ ಇರಾನ್ ಹಿಂದೆ ಸರಿಯಿತು. ಕಟ್ಟಿ ಮುಗಿಸಿದ ಕಾರ್ಖಾನೆಗೆ ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ಮುಚ್ಚಿದಾಗ ಊರೂ ಬರಿದಾಯಿತು.

ಕರ್ನಾಟಕದ ನಿಜವಾದ ತೈಲ ಶುದ್ಧೀಕರಣಾಗಾರ ಬಂದದ್ದು ಘಟ್ಟದ ಕೆಳಗೆ. ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಬಿರ್ಲಾ ಸಮೂಹ ಸೇರಿ 1988ರಲ್ಲಿ ಸ್ಥಾಪಿಸಿದ ಎಂಆರ್‌ಪಿಎಲ್, ಮಂಗಳೂರಿನ ಹೊರವಲಯದ ಕುತ್ತೆತ್ತೂರು ಭಾಗದಲ್ಲಿ 1996ರಲ್ಲಿ 30 ಲಕ್ಷ ಟನ್ ಸಾಮರ್ಥ್ಯದೊಂದಿಗೆ ಕೆಲಸ ಶುರುಮಾಡಿತು. 2003ರಲ್ಲಿ ಅದು ಕೇಂದ್ರ ಸರ್ಕಾರದ ಒಎನ್‌ಜಿಸಿಯ ಕೈಗೆ ಬಂತು. ಸಾಮರ್ಥ್ಯ ಬೆಳೆಯುತ್ತ 150 ಲಕ್ಷ ಟನ್ ಮುಟ್ಟಿತು. ಶುದ್ಧೀಕರಣಾಗಾರದ ಸ್ವಭಾವವೇ ಹಾಗೆ: ಕಟ್ಟುವಾಗ ಸಾವಿರಾರು ಜನ ಬೇಕು, ನಡೆಸುವಾಗ ಕೆಲವೇ ಜನ ಸಾಕು, ಆ ಕೆಲವರಿಗೂ ವೆಲ್ಡಿಂಗ್, ಇನ್‌ಸ್ಟ್ರುಮೆಂಟೇಶನ್, ರಸಾಯನಶಾಸ್ತ್ರ ಗೊತ್ತಿರಬೇಕು. ಭೂಮಿ ಬಿಟ್ಟುಕೊಟ್ಟ ರೈತನ ಮಗನಿಗೆ ಕೆಲಸ ಎಂಬ ಭರವಸೆ ಮುಗ್ಗರಿಸುವುದು ಇಲ್ಲೇ. ನೇಮಕಾತಿ ಪಟ್ಟಿ ಹೊರಬಿದ್ದಾಗೆಲ್ಲ ಕರಾವಳಿಯಲ್ಲಿ ಸ್ಥಳೀಯರಿಗೆ ಎಷ್ಟು ಎಂಬ ಪ್ರಶ್ನೆ ಏಳುತ್ತದೆ. ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲೇ ಕೇಂದ್ರೋದ್ಯಮಗಳಲ್ಲಿ ಕನ್ನಡಿಗರ ಪಾಲಿನ ಬಗ್ಗೆ ಶಿಫಾರಸು ಕೊಟ್ಟಿದ್ದರೂ ಜಗಳ ಹಳತಾಗಿಲ್ಲ.

ಘಟ್ಟದ ಕೆಳಗಿನವರು ಮಂಗಳೂರು, ಮುಂಬೈ, ಕೊಲ್ಲಿ ದೇಶಗಳ ದಾರಿ ಹಿಡಿದ ಮೇಲೆ ಸೇರೆಗಾರನ ಕಾಲ ಮುಗಿಯಿತು. ಕೊಪ್ಪ, ಬಾಳೆಹೊನ್ನೂರು ಸುತ್ತಿನ ಕಾಫಿ ಎಸ್ಟೇಟುಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ದಿಗ್ಬೋಯ್‌ಗೆ ಒಮ್ಮೆ ಹೊರಗಿನ ಕೂಲಿಯನ್ನು ತರಿಸಿಕೊಂಡ ನಾಡು ಈಗ ಮಲೆನಾಡಿಗೆ ಕೂಲಿ ಕಳಿಸುತ್ತಿದೆ. ಅಡಿಕೆಯ ಮರಕ್ಕೆ ಮಾತ್ರ ಅವರು ಅಷ್ಟಾಗಿ ಹತ್ತುವುದಿಲ್ಲ. ಮಕ್ಕಳು ಬೆಂಗಳೂರು ಸೇರಿ, ಕೊನೆಗಾರರಿಗೆ ವಯಸ್ಸಾದ ತೋಟಗಳಲ್ಲಿ ನೆಲದಲ್ಲೇ ನಿಂತು ಉದ್ದನೆಯ ಕಾರ್ಬನ್ ಫೈಬರ್ ದೋಟಿಯಿಂದ ಕೊನೆ ಕೊಯ್ಯುವುದು ರೂಢಿಗೆ ಬರುತ್ತಿದೆ. ಮರ ಹತ್ತುವುದನ್ನೂ ದೋಟಿ ಹಿಡಿಯುವುದನ್ನೂ ಯುವಕರಿಗೆ ಕಲಿಸುವ ತರಬೇತಿ ಶಿಬಿರಗಳು ಅಡಿಕೆ ಸೀಮೆಯಲ್ಲಿ ನಡೆಯುತ್ತಿವೆ. ಕಲಿತವರಿಗೆ ಸುಗ್ಗಿಯಲ್ಲಿ ಸಿಗುವ ದಿನಗೂಲಿ ತೋಟದ ಬೇರಾವ ಕೆಲಸಕ್ಕಿಂತಲೂ ಹೆಚ್ಚು.