ಬಾತುಗಳನ್ನು ನೋಡಿಟ್ಟವರು

ರಾಜಸ್ಥಾನದ ಭರತಪುರದ ಘಾನಾ ಜೌಗಿನಲ್ಲಿ ಕಲ್ಲಿನ ಫಲಕಗಳಿವೆ. ಯಾವ ದಿನ, ಯಾವ ಅತಿಥಿ, ಎಷ್ಟು ಕೋವಿ, ಎಷ್ಟು ಹಕ್ಕಿ. ಅಷ್ಟೇ ಅವುಗಳ ಪಠ್ಯ. 1938ರ ನವೆಂಬರ್ 12ರ ಲೆಕ್ಕದಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಹೆಸರಿದೆ. ಸತ್ತ ಹಕ್ಕಿ 4,273.

ಇದನ್ನು ಬರೀ ಅರಸರ ಶೋಕಿ ಅಂತ ಓದಿ ಮುಗಿಸೋ ಹಾಗಿಲ್ಲ. ಕಾಡುಬಾತು ರಾತ್ರಿ ತೆಳುನೀರಿನಲ್ಲಿ ಮೇದು, ಬೆಳಗಾಗುವಾಗ ತೆರೆದ ನೀರಿಗೆ ಮರಳುತ್ತದೆ. ಯಾವ ನೀರಿಗೆ, ಯಾವ ದಿಕ್ಕಿನಿಂದ, ಗಾಳಿ ತಿರುಗಿದರೆ ಎಲ್ಲಿಗೆ? ಇದನ್ನು ಮೊದಲೇ ನೋಡಿಡದೆ ಕೋವಿಯವರನ್ನು ಎಲ್ಲಿ ಅಂತ ನಿಲ್ಲಿಸೋದು? ಚಳಿಯ ನಸುಕಿನಲ್ಲಿ ಹಾಗೆ ಕಾದು ಕೂತವರು ವೈಸ್‌ರಾಯರಂತೂ ಅಲ್ಲ. ಆ ಅರಿವು ಯಾರದು? ಕಲ್ಲು ಬಾಯಿ ಬಿಡೋದಿಲ್ಲ. ಸತ್ತ ಹಕ್ಕಿಗಾದರೂ ಲೆಕ್ಕ ಸಿಕ್ಕಿತು, ನೋಡಿಟ್ಟ ಕಣ್ಣಿಗೆ ಅದೂ ಇಲ್ಲ.

ಬೇಟೆ ನಿಂತಿತು, ಘಾನಾ ರಾಷ್ಟ್ರೀಯ ಉದ್ಯಾನವಾಯಿತು. 1982ರಲ್ಲಿ ದನ ಮೇಯಿಸುವುದನ್ನು ನಿಷೇಧಿಸಿದಾಗ ಪ್ರತಿಭಟಿಸಿದ ಹಳ್ಳಿಗರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಎಮ್ಮೆ ಮೇಯದೆ ಹುಲ್ಲು ನೀರನ್ನೇ ಮುಚ್ಚಿತು, ಹಕ್ಕಿಗಳಿಗೂ ತೊಂದರೆಯಾಯಿತು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಧ್ಯಯನವೇ ಆಮೇಲೆ ಇದನ್ನು ಹೇಳಿತು. ನೆಲ ಬಲ್ಲವರ ಮಾತಿಗೆ ಬೇಟೆಯ ಕಾಲದಲ್ಲೂ ಬೆಲೆಯಿಲ್ಲ, ರಕ್ಷಣೆಯ ಕಾಲದಲ್ಲೂ ಇಲ್ಲ.

ದಲಿತ ವಿಮರ್ಶೆಯ ಕೆಲಸ ಶುರುವಾಗೋದು ಫಲಕದ ಕೊನೆಯ ಸಾಲಿನ ಕೆಳಗೆ: ಗುಂಡು ಹೊಡೆದವನ ಹೆಸರು ಓದಿದ ಮೇಲೆ, ನೀರು ಬಲ್ಲವನ ಹೆಸರು ಕೇಳುವಲ್ಲಿ.