ತಾಯಿಯ ಕಿವಿಯಲ್ಲೊಂದು ಪಿಸುಮಾತು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಮೂರು ನಾಲ್ಕು ವರ್ಷದ ಮಕ್ಕಳ ತಂದೆತಾಯಿಗಳು. ಮೊದಮೊದಲ ತಂಡಗಳವರು ಅಜ್ಜ ಅಜ್ಜಿಯರೂ ಆಗಿದ್ದಾರೆ. ಅವರ ಪತ್ರಗಳಲ್ಲಿ ಪದೇ ಪದೇ ಬರುವ ಅಳಲೊಂದಿದೆ: ಮಗು ಹೇಳಿದ ಮಾತು ಕೇಳುವುದಿಲ್ಲ, ಬೇಕೆಂದದ್ದು ಸಿಗದಿದ್ದರೆ ನೆಲಕ್ಕೆ ಬಿದ್ದು ಹೊರಳಾಡುತ್ತದೆ, ನಾಲ್ಕು ಜನರ ಮುಂದೆ ಮಾನ ಕಳೆಯುತ್ತದೆ. ನಾನು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿದವನು. ಶಿಶುಪಾಲನೆಯ ಉಪದೇಶ ನನ್ನ ಕೆಲಸವಲ್ಲ. ಆದರೆ ಈ ಸಮಸ್ಯೆಗೆ ಅಮೆರಿಕದಲ್ಲಿ ಕಂಡುಕೊಂಡ ಒಂದು ಮಾರ್ಗಕ್ಕೆ ಸ್ವಾರಸ್ಯಕರವಾದ ಚರಿತ್ರೆಯಿದೆ. ಅದನ್ನು ಹೇಳಬಲ್ಲೆ.

ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಅಲ್ಲಿಯ ಶಿಶು ಮಾರ್ಗದರ್ಶನ ಕೇಂದ್ರಗಳ ರೂಢಿ ಹೀಗಿತ್ತು: ಮಗುವನ್ನು ಒಂದು ಕೋಣೆಯಲ್ಲಿ ವೈದ್ಯರು ಆಟವಾಡಿಸುತ್ತಾ ಅದರ ಮನಸ್ಸನ್ನು ಅರಿಯಲು ಯತ್ನಿಸುವರು, ತಾಯಿಯನ್ನು ಇನ್ನೊಂದು ಕೋಣೆಯಲ್ಲಿ ಕೂರಿಸಿ ಆಕೆಯ ಅಂತರಂಗವನ್ನು ಕೆದಕುವರು. ಮಗು ಕೆಟ್ಟಿದ್ದರೆ ಅದರ ಬೇರು ತಾಯಿಯಲ್ಲಿರಬೇಕೆಂಬುದು ಹೇಳದೆಯೇ ಒಪ್ಪಿಕೊಂಡ ತೀರ್ಮಾನ. ಚಿಕಿತ್ಸೆಗೆಂದು ಬಂದವಳು ಅಪರಾಧಿಯ ಕಟಕಟೆಯಲ್ಲಿ ನಿಲ್ಲಬೇಕಾಗಿತ್ತು.

1959ರಲ್ಲಿ ಕಾರ್ಲ್ ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ವರದಿಯನ್ನು ಪ್ರಕಟಿಸಿದರು. 21 ತಿಂಗಳ ಗಂಡುಮಗು. ಹುಟ್ಟಿದಂದಿನಿಂದ ಬಹುಕಾಲ ತೀವ್ರ ಕಾಯಿಲೆಯಿಂದ ನರಳಿದ್ದರಿಂದ ಮನೆಯವರೆಲ್ಲ ಸಹಜವಾಗಿಯೇ ಅದರ ಸುತ್ತ ಸುಳಿಯುತ್ತಿದ್ದರು. ಗುಣವಾದ ಮೇಲೂ ಮಲಗಿಸುವಾಗ ಯಾರಾದರೂ ಕೋಣೆಯಿಂದ ಎದ್ದು ಹೋದರೆ ರಂಪ. ಔಷಧವಿಲ್ಲ, ಮನೋವಿಶ್ಲೇಷಣೆಯಿಲ್ಲ, ಮಲಗಿಸಿ, ಬಾಗಿಲು ಮುಚ್ಚಿ, ಹಿಂದಿರುಗಿ ಹೋಗದಿರುವುದೇ ಚಿಕಿತ್ಸೆ. ಮೊದಲ ದಿನ ಮಗು 45 ನಿಮಿಷ ಅತ್ತಿತು. ಹತ್ತನೆಯ ಸಲದ ವೇಳೆಗೆ ಅಳುವುದಿರಲಿ, ದೊಡ್ಡವರು ಹೊರಟಾಗ ನಗುತ್ತಿತ್ತು. ಒಂದು ವಾರ ಕಳೆದ ಮೇಲೆ ಮಲಗಿಸಲು ಬಂದ ‘ಆಂಟ್’ ಒಬ್ಬರು ಮಗು ಸ್ವಲ್ಪ ರಗಳೆ ಮಾಡಿದೊಡನೆ ಕೋಣೆಗೆ ಮರಳಿ, ನಿದ್ದೆ ಹತ್ತುವವರೆಗೂ ಕುಳಿತರು. ಅಷ್ಟು ಸಾಕಾಯಿತು, ಹಳೆಯ ರಂಪವೆಲ್ಲ ಮರಳಿತು, ಪಾಠವನ್ನು ಮೊದಲಿನಿಂದ ಆರಂಭಿಸಬೇಕಾಯಿತು. (ಇಂಗ್ಲಿಷಿನ ಆ ಬಡ ಶಬ್ದದಿಂದ ಆಕೆ ಸೋದರತ್ತೆಯೋ ಚಿಕ್ಕಮ್ಮನೋ ತಿಳಿಯುವಂತಿಲ್ಲ. ಯಾರೇ ಇರಲಿ, ನಮ್ಮ ಮನೆಗಳಲ್ಲೂ ಆಕೆಯನ್ನು ಕಂಡಿದ್ದೇವೆ.)

1966ರ ಇನ್ನೊಂದು ಪ್ರಯೋಗ ನಡೆದದ್ದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲೇ. ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಹಾಕಿನ್ಸ್ ಮತ್ತು ಸಂಗಡಿಗರು ವಾರಕ್ಕೆ ಎರಡು ಮೂರು ಸಲ ನಾಲ್ಕು ವರ್ಷದ ಹುಡುಗನೊಬ್ಬನ ಮನೆಗೆ ಹೋಗುತ್ತಿದ್ದರು. ಒದೆಯುವುದು, ವಸ್ತುಗಳನ್ನು ಎಸೆಯುವುದು, ತಂಗಿಯನ್ನು ನೂಕುವುದು, ನಾಲಿಗೆ ಚಾಚುವುದು, ಬಟ್ಟೆ ಕಿತ್ತೊಗೆಯುತ್ತೇನೆಂದು ಬೆದರಿಸುವುದು, ಇವೆಲ್ಲ ಅವನ ಪ್ರತಾಪಗಳು. ಮೂಲೆಯಲ್ಲಿದ್ದ ಸಂಶೋಧಕರು ತಾಯಿಗೆ ಮೂರು ಸನ್ನೆಗಳನ್ನಷ್ಟೇ ಕೊಡುತ್ತಿದ್ದರು: ನಿಲ್ಲಿಸೆಂದು ಹೇಳು; ಕೋಣೆಗೆ ಹಾಕು; ಮೆಚ್ಚಿ ಮಾತನಾಡಿಸು. ಹುಡುಗ ಸುಧಾರಿಸಿದ. ಬಳಿಕ ಶಾಸ್ತ್ರೀಯ ಪರೀಕ್ಷೆಗಾಗಿ, ಮೊದಲು ಹೇಗೆ ನಡೆದುಕೊಳ್ಳುತ್ತಿದ್ದಿರೋ ಹಾಗೆಯೇ ನಡೆದುಕೊಳ್ಳಿ ಎಂದು ತಾಯಿಗೆ ಹೇಳಿದರೆ, ಅದು ಆಕೆಗೆ ಕಷ್ಟವಾಯಿತಂತೆ. ಆಕೆಗೆ ತನ್ನ ಮೇಲೆ ಭರವಸೆ ಬಂದಿತ್ತು. ಹುಡುಗನ ಸುಧಾರಣೆಗಿಂತ ಇದೇ ದೊಡ್ಡ ಫಲಿತಾಂಶವೆಂದು ನನ್ನ ಎಣಿಕೆ. ಬಾಗಿಲಿಗೆ ಬೀಗ ಹಾಕುವ ಅಂದಿನ ಕ್ರಮವನ್ನು ಮಾತ್ರ ಇಂದು ಯಾರೂ ಒಪ್ಪುವುದಿಲ್ಲ. ಒಂದೆರಡು ನಿಮಿಷ ಕಣ್ಣೆದುರಿನಲ್ಲೇ ಸುಮ್ಮನೆ ಕೂರಿಸುವುದು ಈಗಿನ ರೀತಿ. ಅದರ ಬಗೆಗೂ ವಾದವಿವಾದಗಳುಂಟು.

ಈ ಎಳೆಗಳನ್ನೆಲ್ಲ ಒಂದು ಕ್ರಮಕ್ಕೆ ತಂದವರು ಕಾನ್ಸ್‌ಟೆನ್ಸ್ ಹ್ಯಾನ್ಫ್. 1960ರ ದಶಕದ ಕೊನೆಯಲ್ಲಿ ಪೋರ್ಟ್‌ಲೆಂಡಿನ ಒರೆಗಾನ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ, ಅಂಗವೈಕಲ್ಯವಿದ್ದ ಮಕ್ಕಳ ತಾಯಂದಿರೊಡನೆ ಈಕೆ ಕೆಲಸ ಮಾಡುತ್ತಿದ್ದರು. ತಾಯಿ ಮಗು ಇಬ್ಬರೂ ಒಂದೇ ಕೋಣೆಯಲ್ಲಿ ಆಟವಾಡಬೇಕು. ತಜ್ಞೆ ಒಮ್ಮುಖ ಗಾಜಿನ ಹಿಂದಿನಿಂದ ನೋಡುತ್ತಾ, ತಾಯಿಯ ಕಿವಿಯಲ್ಲಿರುವ ಪುಟ್ಟ ಯಂತ್ರದ ಮೂಲಕ ಆ ಕ್ಷಣದಲ್ಲೇ ಮೆಲ್ಲನೆ ಹೇಳಿಕೊಡಬೇಕು. ಕಲಿಕೆಗೆ ಎರಡು ಘಟ್ಟಗಳು. ಮೊದಲನೆಯದರಲ್ಲಿ ಆಟದ ಯಜಮಾನಿಕೆ ಮಗುವಿನದು. ತಾಯಿ ಅಪ್ಪಣೆ ಕೊಡಬಾರದು, ಪ್ರಶ್ನೆ ಕೇಳಬಾರದು, ತಪ್ಪು ಹುಡುಕಬಾರದು. ಮಗು ಮಾಡುತ್ತಿರುವುದನ್ನು ಮಾತಿನಲ್ಲಿ ಹಿಂಬಾಲಿಸಬೇಕು, ಒಳ್ಳೆಯದನ್ನು ಮೆಚ್ಚಬೇಕು, ಸಣ್ಣಪುಟ್ಟ ಚೇಷ್ಟೆಯನ್ನು ಕಂಡೂ ಕಾಣದಂತಿರಬೇಕು. ಇದು ಕೈಗೂಡಿದ ಮೇಲೆಯೇ ಎರಡನೆಯ ಘಟ್ಟ: ಸ್ಪಷ್ಟವಾದ ಒಂದೇ ಅಪ್ಪಣೆ, ಪಾಲಿಸಿದರೆ ಪ್ರಶಂಸೆ, ಪಾಲಿಸದಿದ್ದರೆ ಮುಂಚೆಯೇ ಹೇಳಿದ ಸೌಮ್ಯ ಶಿಕ್ಷೆ. ಶಿಸ್ತಿಗಿಂತ ಮೊದಲು ಸ್ನೇಹ ಬರಬೇಕೆಂಬ ಈ ಅನುಕ್ರಮವೇ ಹ್ಯಾನ್ಫರ ಕಾಣಿಕೆ. ಐದು ನಿಮಿಷ ಪ್ರಶ್ನೆ ಕೇಳದೆ ಮಗುವಿನೊಡನೆ ಆಡಿ ನೋಡಿ. ಮೇಷ್ಟರ ವೃತ್ತಿಯವರಿಗಂತೂ ಅದು ಅಸಾಧ್ಯಕ್ಕೆ ಸಮೀಪ!

ಹ್ಯಾನ್ಫ್ ಬರೆದದ್ದು ಅತ್ಯಲ್ಪ. 1969ರಲ್ಲಿ ಒಂದು ಸಮ್ಮೇಳನದಲ್ಲಿ ಓದಿದ ಪ್ರಬಂಧವೇ ಆಕೆಯ ಹೆಸರನ್ನು ಉಳಿಸಿತು. ಆದರೆ ಆ ವಿಧಾನ ಷೀಲಾ ಐಬರ್ಗ್, ರೆಕ್ಸ್ ಫೋರ್‌ಹ್ಯಾಂಡ್, ಕೆರೊಲಿನ್ ವೆಬ್‌ಸ್ಟರ್ ಸ್ಟ್ರಾಟನ್ ಮೊದಲಾದವರ ಕೈಯಲ್ಲಿ ಬೇರೆ ಬೇರೆ ಹೆಸರುಗಳಿಂದ ಬೆಳೆಯಿತು.

ಅದೇ ಒರೆಗಾನಿನ ಯೂಜೀನ್ ನಗರದಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಮನೆಮನೆಗಳಿಗೆ ವೀಕ್ಷಕರನ್ನು ಕಳಿಸಿ, ಜಗಳಗಳು ಹೇಗೆ ಹುಟ್ಟುತ್ತವೆಂಬುದನ್ನು ದಾಖಲಿಸಿದರು. ಅಮ್ಮ ‘ಆಟಿಕೆ ಎತ್ತಿಡು’ ಎನ್ನುತ್ತಾಳೆ, ಮಗು ಕಿರುಚುತ್ತದೆ, ಅಮ್ಮ ದನಿಯೇರಿಸುತ್ತಾಳೆ, ಮಗು ಇನ್ನೂ ಕಿರುಚುತ್ತದೆ, ಬೇಸತ್ತ ಅಮ್ಮ ಕೈಬಿಡುತ್ತಾಳೆ. ಕೂಡಲೇ ಕಿರುಚಾಟ ನಿಲ್ಲುತ್ತದೆ. ಕಿರುಚಿದರೆ ಗೆಲುವೆಂದು ಮಗು ಕಲಿಯಿತು. ಸೋತರೆ ಶಾಂತಿಯೆಂದು ಅಮ್ಮ ಕಲಿತಳು. ಇಬ್ಬರಲ್ಲಿ ಯಾರೂ ದುಷ್ಟರಲ್ಲ, ಇಬ್ಬರೂ ಪರಸ್ಪರ ಗುರುಗಳು. 1982ರಲ್ಲಿ ಪ್ರಕಟವಾದ ಪ್ಯಾಟರ್ಸನ್ನರ ಗ್ರಂಥದ ತಿರುಳು ಇದು. ಕಟಕಟೆಯಿಂದ ತಾಯಿಯನ್ನು ಇಳಿಸಲು ಇದಕ್ಕಿಂತ ಒಳ್ಳೆಯ ವಕಾಲತ್ತು ಬೇರೆ ಬೇಕಿರಲಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಮ್ಯಾಥ್ಯೂ ಸ್ಯಾಂಡರ್ಸ್ ಇಂಥದೇ ತರಬೇತಿಯನ್ನು ಇಡೀ ಸಮುದಾಯಕ್ಕೆ ವಿಸ್ತರಿಸಿದರು. ವೇಲ್ಸ್ ಪ್ರಾಂತದಲ್ಲಿ ಜೂಡಿ ಹಚಿಂಗ್ಸ್ ಮತ್ತು ಸಂಗಡಿಗರು ಹಿಂದುಳಿದ ಪ್ರದೇಶಗಳ 153 ಕುಟುಂಬಗಳ ಮೇಲೆ ನಡೆಸಿದ ಪರೀಕ್ಷೆ 2007ರಲ್ಲಿ ಪ್ರಕಟವಾಯಿತು. ಮಕ್ಕಳು ಮೂರರಿಂದ ಐದರೊಳಗಿನವರು. ವೆಬ್‌ಸ್ಟರ್ ಸ್ಟ್ರಾಟನ್ ರೂಪಿಸಿದ 12 ವಾರಗಳ ಪಾಠ ಪಡೆದ ಮನೆಗಳಲ್ಲಿ, ಕಾಯುವ ಪಟ್ಟಿಯಲ್ಲಿದ್ದ ಮನೆಗಳಿಗಿಂತ, ಮಕ್ಕಳ ಪುಂಡಾಟ ಸ್ಪಷ್ಟವಾಗಿ ತಗ್ಗಿತ್ತು.

ಇಷ್ಟಾದರೂ ಕೆಲವು ಮನೆಗಳಲ್ಲಿ ಕಲಿತದ್ದು ನಿಲ್ಲುತ್ತಿರಲಿಲ್ಲ. ಏಕೆಂದು ಹುಡುಕಿದವರು ಟೆನಿಸ್ಸಿಯ ರಾಬರ್ಟ್ ವಾಹ್ಲರ್. ಬಡತನದ 18 ತಾಯಂದಿರನ್ನು ಅವರು ಗಮನಿಸಿದರು. ತರಬೇತಿಯ ಕಾಲದಲ್ಲಿ ಎಲ್ಲವೂ ಸರಿಹೋಗುತ್ತಿತ್ತು. ವರ್ಷ ಕಳೆದ ಮೇಲೆ ನೋಡಿದರೆ ಮತ್ತೆ ಹಳೆಯ ಕಥೆ. ಆದರೆ ಅವರ 1980ರ ಲೇಖನದಲ್ಲಿ ಮನಕಲಕುವ ಒಂದು ಸಂಗತಿಯಿದೆ: ತಾಯಿ ಗೆಳತಿಯರೊಡನೆ ಹೆಚ್ಚು ಒಡನಾಡಿದ ದಿನಗಳಲ್ಲಿ ಮಗುವಿನ ಮೇಲೆ ಸಿಡುಕುವುದು ಕಡಿಮೆಯಾಗುತ್ತಿತ್ತು. ಯಾರೊಡನೆಯೂ ಸ್ನೇಹದ ಮಾತಿಲ್ಲದ, ಬಂದವರೆಲ್ಲ ಬುದ್ಧಿ ಹೇಳುವವರೇ ಆಗಿದ್ದ ಆ ಹೆಣ್ಣುಮಕ್ಕಳನ್ನು ವಾಹ್ಲರ್ ದ್ವೀಪಗಳಿಗೆ ಹೋಲಿಸಿದರು.

ಹಾಗಾದರೆ ಪಾಠದ ಜೊತೆಗೆ ಸ್ನೇಹವನ್ನೂ ಏರ್ಪಡಿಸಬಹುದಲ್ಲವೇ? ಮಾರ್ಕ್ ಡ್ಯಾಡ್ಸ್ ಮತ್ತು ಸಹೋದ್ಯೋಗಿ ಆಸ್ಟ್ರೇಲಿಯದಲ್ಲಿ ಅದನ್ನೂ ಪರೀಕ್ಷಿಸಿ 1992ರಲ್ಲಿ ವರದಿ ಮಾಡಿದರು. ಒಂಟಿ ಪೋಷಕರಲ್ಲಿ ಕೆಲವರಿಗೆ ತರಬೇತಿಯೊಡನೆ ಪರಿಚಿತರೊಬ್ಬರ ಬೆಂಬಲವನ್ನೂ ಗೊತ್ತುಮಾಡಿಕೊಟ್ಟರು. ಅದರಿಂದ ವಿಶೇಷ ಲಾಭ ಕಾಣಲಿಲ್ಲ. ಎರಡೂ ಗುಂಪುಗಳಲ್ಲಿ ಚೆನ್ನಾಗಿ ಸುಧಾರಿಸಿದವರು, ತಮಗೆ ಸ್ನೇಹಿತರ ಆಸರೆ ಹೆಚ್ಚಾಗಿದೆಯೆಂದು ಹೇಳಿಕೊಂಡವರೇ ಆಗಿದ್ದರು.