ಪ್ರತಿಭಾವಂತ ಮಕ್ಕಳ ಭಾವತೀವ್ರತೆ: ಪಾಲನೆಯ ವಿಚಾರ ಬೆಳೆದು ಬಂದ ಬಗೆ

ಅಸಾಧಾರಣ ಬುದ್ಧಿಶಕ್ತಿಯ ಮಕ್ಕಳಲ್ಲಿ ಕೆಲವರು ಹೆತ್ತವರನ್ನು ವಿಶೇಷವಾಗಿ ಕಂಗೆಡಿಸುತ್ತಾರೆ. ನಾಲ್ಕೈದರ ವಯಸ್ಸಿಗೇ ಸಾವಿನ ಬಗ್ಗೆ ಬಿಡದೆ ಕೇಳುವುದು, ಅಂಗಿಯ ಕೊರಳಪಟ್ಟಿಯ ಲೇಬಲ್ ಚುಚ್ಚಿದರೂ ತಾಳಲಾರದೆ ಅಳುವುದು, ಬೇರೆ ಮಗುವಿಗಾದ ಅನ್ಯಾಯವನ್ನು ನೆನೆದು ನಿದ್ದೆಗೆಡುವುದು, ಮನಸ್ಸಿನಲ್ಲಿದ್ದಂತೆ ಮೂಡದ ಚಿತ್ರವನ್ನು ಹರಿದುಹಾಕುವುದು ಇಂಥವರಲ್ಲಿ ಕಾಣುವ ಲಕ್ಷಣಗಳು. ಇವರನ್ನು ಬೆಳೆಸುವ ಬಗೆಗಿನ ತಿಳಿವಳಿಕೆ ಒಂದೇ ಮೂಲದಿಂದ ಬಂದದ್ದಲ್ಲ. ಒಂದು ಧಾರೆ ಶಾಲೆಯ ತರಗತಿಯಿಂದ, ಬುದ್ಧಿಮಾಪನದಿಂದ ಹೊರಟಿತು. ಇನ್ನೊಂದು, ನೆರವು ಕೇಳಿ ಮನೋವೈದ್ಯರ ಬಾಗಿಲಿಗೆ ಬಂದವರಿಂದ. ಮೊದಲನೆಯದು ಕಂಡ ಮಗುವೇ ಬೇರೆ, ಎರಡನೆಯದು ಕಂಡ ಮಗುವೇ ಬೇರೆ. ಹೆತ್ತವರಿಗೆ ಸಿಕ್ಕ ಸಲಹೆಗಳು ಪರಸ್ಪರ ಹೊಂದದಿರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಪ್ರತಿಭೆಯನ್ನು ರೋಗದ ನೆಂಟನೆಂದು ಕಾಣುವ ವಾಡಿಕೆಯಿತ್ತು. ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ 1864ರಷ್ಟು ಹಿಂದೆಯೇ ಪ್ರತಿಭೆ ಮತ್ತು ಹುಚ್ಚಿನ ಸಂಬಂಧವನ್ನು ಕುರಿತು ಪುಸ್ತಕ ಬರೆದಿದ್ದ. ಎಳವೆಯಲ್ಲೇ ಮಾಗಿದ್ದು ಬೇಗ ಕೊಳೆಯುತ್ತದೆ ಎಂಬ ನಂಬಿಕೆ ಅಮೆರಿಕದಲ್ಲೂ ಬಲವಾಗಿತ್ತು. ಈ ನಂಬಿಕೆಗೆ ಸಾಕ್ಷಿಯೆಂಬಂತೆ ಪತ್ರಿಕೆಗಳು ಎತ್ತಿ ತೋರಿಸಿದ್ದು ವಿಲಿಯಂ ಜೇಮ್ಸ್ ಸೈಡಿಸ್‌ನ ಬದುಕನ್ನು. ಅವನ ತಂದೆ ಬೋರಿಸ್ ಸೈಡಿಸ್ ಸ್ವತಃ ಮನಶ್ಶಾಸ್ತ್ರಜ್ಞ. ಮಗನ ಶಿಕ್ಷಣವೇ ತನ್ನ ಸಿದ್ಧಾಂತಕ್ಕೆ ಪ್ರಮಾಣವೆಂದು ನಂಬಿದವನು. 1909ರಲ್ಲಿ, ಹನ್ನೊಂದರ ವಯಸ್ಸಿಗೆ ಹಾರ್ವರ್ಡ್ ಸೇರಿದ ಹುಡುಗ ಮರುವರ್ಷ ಗಣಿತಜ್ಞರ ಎದುರು ನಾಲ್ಕು ಆಯಾಮಗಳ ಆಕೃತಿಗಳ ಬಗ್ಗೆ ಉಪನ್ಯಾಸ ಕೊಟ್ಟ. ದೊಡ್ಡವನಾದ ಮೇಲೆ ಪ್ರಸಿದ್ಧಿಯಿಂದ ಓಡಿ, ಸಣ್ಣಪುಟ್ಟ ಗುಮಾಸ್ತಿಕೆ ಮಾಡಿಕೊಂಡು, 1944ರಲ್ಲಿ ತೀರಿಕೊಂಡ. ಅವನ ಬುದ್ಧಿಯ ಲೆಕ್ಕ ಇಟ್ಟವರು ಅನೇಕರು. ಆ ಮಗು ಏನನ್ನು ಅನುಭವಿಸುತ್ತಿದೆ ಎಂದು ಬರೆದಿಟ್ಟವರು ಇಲ್ಲವೆನ್ನುವಷ್ಟು ಕಡಿಮೆ. ಬಾಲಪ್ರತಿಭೆಯನ್ನು ಪ್ರದರ್ಶನದ ವಸ್ತುವಾಗಿಸುವುದಕ್ಕೆ ಭಾರತವೂ ಹೊರತಾಗಿರಲಿಲ್ಲ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ ಸರ್ಕಸ್ಸಿನಲ್ಲಿ ದುಡಿಯುತ್ತಿದ್ದ ತಂದೆಯೊಂದಿಗೆ ಊರೂರು ಸುತ್ತಿ ಲೆಕ್ಕದ ಪ್ರದರ್ಶನ ಕೊಟ್ಟು ಬೆಳೆದವರು. ಕ್ರಮವಾದ ಶಾಲಾ ಶಿಕ್ಷಣ ಅವರಿಗೆ ಸಿಗಲಿಲ್ಲ.

ರೋಗದ ಕಲ್ಪನೆಯನ್ನು ಅಂಕಿಅಂಶಗಳಿಂದ ಎದುರಿಸಿದವನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್. 1916ರಲ್ಲಿ ಬಿನೆ ಬುದ್ಧಿಮಾಪನ ಪರೀಕ್ಷೆಯನ್ನು ಅಮೆರಿಕದ ಮಕ್ಕಳಿಗೆ ಒಗ್ಗಿಸಿದ ಆತ 1921ರಲ್ಲಿ ಕ್ಯಾಲಿಫೋರ್ನಿಯಾದ ಪ್ರತಿಭಾವಂತ ಮಕ್ಕಳ ದೀರ್ಘಕಾಲದ ಅಧ್ಯಯನ ಆರಂಭಿಸಿದ. ಅದಕ್ಕೆ ಸೇರಿದವರ ಸಂಖ್ಯೆ ಕೊನೆಗೆ 1,528ಕ್ಕೆ ಏರಿತು. ಈ ಮಕ್ಕಳು ಕೃಶರೂ ಅಲ್ಲ, ಕಳೆಗುಂದಿದವರೂ ಅಲ್ಲ. ಸರಾಸರಿ ಮಕ್ಕಳಿಗಿಂತ ಆರೋಗ್ಯವಂತರು, ಹೊಂದಿಕೊಂಡು ಬಾಳುವವರು ಎಂಬುದು ಅವನ ನಿರ್ಣಯ. ಆದರೆ ಆಯ್ಕೆಯ ಕ್ರಮವನ್ನು ಗಮನಿಸಬೇಕು. ತರಗತಿಯ ಅತಿ ಜಾಣ ಮಕ್ಕಳು ಯಾರೆಂದು ಮೊದಲು ಶಿಕ್ಷಕರನ್ನು ಕೇಳಿ, ಅವರು ಸೂಚಿಸಿದವರಿಗೆ ಪರೀಕ್ಷೆ ಕೊಡಲಾಗಿತ್ತು. ಮಾತು ಕೇಳುವ, ಬರವಣಿಗೆ ಅಚ್ಚುಕಟ್ಟಾಗಿರುವ ಮಗುವೇ ಶಿಕ್ಷಕರ ಕಣ್ಣಿಗೆ ಬೀಳುವುದು ಸಹಜ. ಹಠಮಾರಿ, ಅಳುಬುರುಕ, ಕಿಟಕಿಯಾಚೆ ನೋಡುತ್ತ ಕೂರುವ ಮಗು ಆ ಪಟ್ಟಿಗೆ ಸೇರುವುದು ಕಷ್ಟ. ಟರ್ಮನ್‌ನ ಬಳಗವೇ 1930ರಲ್ಲಿ, ಬುದ್ಧಿಸೂಚ್ಯಂಕ ತೀರ ಹೆಚ್ಚಿರುವ ಮಕ್ಕಳಿಗೆ ಸಮಾಜದೊಂದಿಗೆ ಹೊಂದಿಕೊಳ್ಳುವುದು ಬಹಳ ಕಷ್ಟವೆಂದು ಒಪ್ಪಿಕೊಂಡಿತು. ಒಟ್ಟು ಚಿತ್ರ ಎಷ್ಟು ಹಿತಕರವಾಗಿತ್ತೆಂದರೆ, ಆ ಮಾತಿಗೆ ಸಿಗಬೇಕಾದ ಗಮನ ಸಿಗಲಿಲ್ಲ.

ಗಮನಿಸಿದವಳು ಲೀಟಾ ಹಾಲಿಂಗ್‌ವರ್ತ್. ನೆಬ್ರಾಸ್ಕಾದ ಹಳ್ಳಿಗಾಡಿನಲ್ಲಿ 1886ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು, ಕಷ್ಟದ ಬಾಲ್ಯ ಕಂಡ ಈಕೆ ನ್ಯೂಯಾರ್ಕಿನ ಕೊಲಂಬಿಯಾ ಟೀಚರ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕಿಯಾಗಿದ್ದಳು. 1916ರಲ್ಲಿ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಕ್ರಮ ತೋರಿಸಲೆಂದು ಕರೆಸಿದ ಎಂಟು ವರ್ಷದ ಹುಡುಗನ ಬುದ್ಧಿಸೂಚ್ಯಂಕ 180ನ್ನು ದಾಟಿತು. ಅಲ್ಲಿಂದ ಆಕೆ ಇಂಥ ಹನ್ನೆರಡು ಮಕ್ಕಳನ್ನು ಹುಡುಕಿ, ವರ್ಷಗಟ್ಟಲೆ ಹಿಂಬಾಲಿಸಿದಳು. 1939ರಲ್ಲಿ ಆಕೆ ತೀರಿಕೊಂಡ ಮೇಲೆ ಗಂಡ ಹ್ಯಾರಿ ಈ ಮಕ್ಕಳ ಬಗೆಗಿನ ಆಕೆಯ ಗ್ರಂಥವನ್ನು ಪೂರ್ತಿಗೊಳಿಸಿ 1942ರಲ್ಲಿ ಹೊರತಂದ. ಆಕೆಯ ಕಾಣ್ಕೆಯ ತಿರುಳು ಇದು: ಬುದ್ಧಿ ದೊಡ್ಡವರದ್ದು, ಭಾವನೆ ಮಗುವಿನದು, ಎರಡೂ ಒಂದೇ ಪುಟ್ಟ ದೇಹದಲ್ಲಿರುವುದೇ ತೊಡಕು. ಹುಟ್ಟು, ಸಾವು, ಕೇಡು ಎಂಬ ಪ್ರಶ್ನೆಗಳು ಮಗುವಿನ ತಲೆಗೆ ಬೇಗ ಹೊಳೆಯುತ್ತವೆ. ಅವುಗಳ ಭಾರ ಹೊರುವ ಮನಸ್ಸು ಇನ್ನೂ ಗಟ್ಟಿಯಾಗಿರುವುದಿಲ್ಲ. ನಾಲ್ಕರಿಂದ ಒಂಬತ್ತರವರೆಗಿನ ವಯಸ್ಸೇ ಅತಿ ಕಠಿಣವೆಂದು ಆಕೆ ಗುರುತಿಸಿದಳು. ಬುದ್ಧಿಸೂಚ್ಯಂಕ 125ರಿಂದ 155ರೊಳಗಿನ ಮಕ್ಕಳು ಸುಲಭವಾಗಿ ಗೆಳೆಯರನ್ನು ಪಡೆಯುತ್ತಾರೆ. 180 ದಾಟಿದವರಿಗೆ ಆಟದ ಜೊತೆಗಾರರೇ ಸಿಗುವುದಿಲ್ಲ. ಆಕೆಯ ಬಳಿ ಇದ್ದದ್ದು ಕೇವಲ ಹನ್ನೆರಡು ಮಕ್ಕಳ ವಿವರ. ಆದರೂ ಮಗುವಿನ ಒಳಬದುಕನ್ನು ಆಕೆಯಷ್ಟು ತಾಳ್ಮೆಯಿಂದ ನೋಡಿದವರು ಆ ತಲೆಮಾರಿನಲ್ಲಿ ವಿರಳ.

ಎರಡನೆಯ ಧಾರೆಯ ಮೂಲಪುರುಷ ಪೋಲೆಂಡಿನ ಮನೋವೈದ್ಯ ಕಾಜಿಮೆಜ್ ದಬ್ರೋವ್ಸ್ಕಿ (1902–1980). ಜಿನೀವಾದಲ್ಲಿ 1929ರಲ್ಲಿ ಆತ ಬರೆದ ಮಹಾಪ್ರಬಂಧದ ವಿಷಯವೇ ಆತ್ಮಹತ್ಯೆಯ ಮಾನಸಿಕ ಕಾರಣಗಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳ ಸೆರೆ, ಯುದ್ಧ ಮುಗಿದ ಮೇಲೆ ಕಮ್ಯುನಿಸ್ಟ್ ಸರ್ಕಾರದ ಸೆರೆ ಎರಡನ್ನೂ ಆತ ಕಂಡ. ಅಷ್ಟು ಕ್ರೌರ್ಯದ ನಡುವೆ ಕೆಲವರು ಮಾತ್ರ ಇತರರಿಗಾಗಿ ತಮ್ಮ ಪ್ರಾಣ ಕೊಟ್ಟದ್ದು ಅವನನ್ನು ಕಾಡಿದ ಪ್ರಶ್ನೆ. ಒಳಗಿನ ಕುದಿತ, ಆತಂಕ, ತನ್ನ ಮೇಲೆ ತನಗೇ ಇರುವ ಅತೃಪ್ತಿ ಇವು ರೋಗಲಕ್ಷಣಗಳಾಗಬೇಕಿಲ್ಲ. ಹಳೆಯ ವ್ಯಕ್ತಿತ್ವ ಒಡೆದು ಮೇಲ್ಮಟ್ಟದ್ದು ಕಟ್ಟಿಕೊಳ್ಳುವ ದಾರಿಯೂ ಆಗಬಹುದು ಎಂದು ಆತ ವಾದಿಸಿದ. ‘ಸಕಾರಾತ್ಮಕ ವಿಘಟನೆ’ ಎಂಬ ಈ ಸಿದ್ಧಾಂತದ ಇಂಗ್ಲಿಷ್ ಪುಸ್ತಕ 1964ರಲ್ಲಿ ಹೊರಬಂತು. ಇಂಥ ಬೆಳವಣಿಗೆಗೆ ಬೇಕಾದ ಸಾಮಗ್ರಿ ನರಮಂಡಲದ ತೀವ್ರ ಸ್ಪಂದನೆಯಲ್ಲಿದೆ ಎಂಬುದು ಅದರ ಒಂದು ಭಾಗ. ಚಲನೆ, ಇಂದ್ರಿಯ, ಬುದ್ಧಿ, ಕಲ್ಪನೆ, ಭಾವ ಎಂದು ಈ ‘ಅತ್ಯುದ್ದೀಪನೆ’ಗೆ ಆತ ಐದು ಬಗೆ ಹೇಳಿದ. ವಾರ್ಸಾದಲ್ಲಿ ಆತ ಪರೀಕ್ಷಿಸಿದ 80 ಮಂದಿಯಲ್ಲಿ 30 ಜನ ಬುದ್ಧಿಯಲ್ಲಿ ಮುಂದಿದ್ದವರು, ಉಳಿದ 50 ಮಂದಿ ನಾಟಕ, ಬ್ಯಾಲೆ, ಚಿತ್ರಕಲೆಯ ಶಾಲೆಗಳವರು. ಈ ತೀವ್ರತೆ ಅವರೆಲ್ಲರಲ್ಲೂ ಕಂಡಿತೆಂದು ಆತ ದಾಖಲಿಸಿದ.

ಈ ವಿಚಾರ ಅಮೆರಿಕದ ಹೆತ್ತವರನ್ನು ತಲುಪಿದ್ದು ಕೆನಡಾದ ಮೂಲಕ. ದಬ್ರೋವ್ಸ್ಕಿ 1960ರ ದಶಕದಲ್ಲಿ ಆಲ್ಬರ್ಟಾ ವಿಶ್ವವಿದ್ಯಾಲಯಕ್ಕೆ ಬಂದಾಗ ಅಲ್ಲಿ ಜೀವವಿಜ್ಞಾನ ಕಲಿಸುತ್ತಿದ್ದ ಮೈಕೆಲ್ ಪಿಯೆಖೋವ್ಸ್ಕಿ ಅವನ ಸಹೋದ್ಯೋಗಿಯಾದ. ಪಿಯೆಖೋವ್ಸ್ಕಿ 1979ರಲ್ಲಿ ಬರೆದ ಒಂದು ಅಧ್ಯಾಯ ಈ ಐದು ಬಗೆಗಳನ್ನು ಪ್ರತಿಭಾವಂತರ ಆಪ್ತಸಲಹೆಗೆ ಜೋಡಿಸಿತು. ದಬ್ರೋವ್ಸ್ಕಿಯ ಮೂಲ ಕಾಳಜಿ ನೈತಿಕ ಬೆಳವಣಿಗೆಯಾಗಿತ್ತು. ದಾರಿಯಲ್ಲಿ ಅದು ಹಿಂದೆ ಸರಿದು, ಐದು ಲಕ್ಷಣಗಳ ಪಟ್ಟಿ ಮಾತ್ರ ಮುಂದೆ ಉಳಿಯಿತು. ಸಿದ್ಧಾಂತಕ್ಕೆ ಆದ ನಷ್ಟ ಸಣ್ಣದಲ್ಲ.

ಅದೇ ಹೊತ್ತಿಗೆ ನಡೆದ ಒಂದು ದುರಂತ ಹೆತ್ತವರನ್ನು ಈ ಚರಿತ್ರೆಯ ನಡುವಿಗೆ ತಂದಿತು. ಹದಿನಾರನೆಯ ವಯಸ್ಸಿಗೇ ಮಿಷಿಗನ್ನಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗನೊಬ್ಬ 1980ರಲ್ಲಿ ಬದುಕು ಕೊನೆಗೊಳಿಸಿಕೊಂಡ. ಅವನ ತಂದೆತಾಯಿ ಒಹಾಯೊ ರಾಜ್ಯದ ಡೇಟನ್‌ನಲ್ಲಿದ್ದ ರೈಟ್ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೇಮ್ಸ್ ವೆಬ್‌ನನ್ನು ಕಂಡು, ಇಂಥ ಮಕ್ಕಳ ಮನಸ್ಸಿನ ಅಗತ್ಯಗಳಿಗೆ ಎಲ್ಲಿಯೂ ನೆರವಿಲ್ಲವೆಂದು ತೋಡಿಕೊಂಡರು. ಅದರ ಫಲವಾಗಿ, ಆ ಅಗತ್ಯಗಳಿಗೆ ನೆರವಾಗಲೆಂದು 1981ರಲ್ಲಿ ‘ಸೆಂಗ್’ ಎಂಬ ಸಂಸ್ಥೆ ಹುಟ್ಟಿತು. ವಿಷಯ ದೂರದರ್ಶನದಲ್ಲಿ ಚರ್ಚೆಯಾದಾಗ ಹೆತ್ತವರ ಪತ್ರಗಳು ಸಾವಿರಾರು ಬಂದವು. ವೆಬ್, ಎಲಿಜಬೆತ್ ಮೆಕ್‌ಸ್ಟ್ರಾತ್, ಸ್ಟೆಫನಿ ಟೋಲನ್ ಸೇರಿ 1982ರಲ್ಲಿ ಹೆತ್ತವರಿಗಾಗಿ ಕೈಪಿಡಿ ಬರೆದರು. ಸಂಸ್ಥೆಯ ಮುಖ್ಯ ಸಾಧನ ತಂದೆತಾಯಿಯರ ಗುಂಪು: ವಾರಕ್ಕೊಮ್ಮೆ ಸೇರಿ ಶಿಸ್ತು, ಒಡಹುಟ್ಟಿದವರ ಪೈಪೋಟಿ, ಗೆಳೆತನ, ಖಿನ್ನತೆ ಮುಂತಾದವುಗಳಲ್ಲಿ ಒಂದೊಂದನ್ನು ಚರ್ಚಿಸುವುದು. ತಜ್ಞರು ಉಪದೇಶಿಸುವುದಕ್ಕಿಂತ ಮಾತುಕತೆಗೆ ದಾರಿ ಮಾಡಿಕೊಡುತ್ತಿದ್ದರು. ತಮ್ಮ ಮಗುವಿನಂಥ ಮಗು ಬೇರೆ ಮನೆಯಲ್ಲೂ ಇದೆಯೆಂದು ತಿಳಿಯುವುದೇ ಎಷ್ಟೋ ತಾಯಂದಿರಿಗೆ ಮೊದಲ ಸಮಾಧಾನವಾಗಿತ್ತು.

1991ರಲ್ಲಿ ಒಹಾಯೊದ ಕೊಲಂಬಸ್‌ನಲ್ಲಿ ಸೇರಿದ ಲಿಂಡಾ ಸಿಲ್ವರ್‌ಮನ್, ಟೋಲನ್ ಮೊದಲಾದವರು ಪ್ರತಿಭೆಯನ್ನು ಸಾಧನೆಯಿಂದಲ್ಲ, ‘ಅಸಮ ಬೆಳವಣಿಗೆ’ಯಿಂದ ನಿರೂಪಿಸಿದರು. ಬುದ್ಧಿಯ ವೇಗವೂ ಭಾವದ ತೀವ್ರತೆಯೂ ಸೇರಿ ಇತರರಿಗಿಂತ ಗುಣದಲ್ಲೇ ಭಿನ್ನವಾದ ಅನುಭವ ಉಂಟಾಗುತ್ತದೆ. ಆದ್ದರಿಂದ ಪಾಲನೆ, ಬೋಧನೆ ಎರಡೂ ಬದಲಾಗಬೇಕು ಎಂಬುದು ಅವರ ನಿಲುವು. ಹಾಲಿಂಗ್‌ವರ್ತ್ ಅರ್ಧ ಶತಮಾನದ ಹಿಂದೆ ಕಂಡದ್ದೇ ಇಲ್ಲಿ ವ್ಯಾಖ್ಯೆಯಾಯಿತು. ಎಂಟು ವರ್ಷದ ಮಗು ಹದಿನಾಲ್ಕರವರಂತೆ ವಾದಿಸಿ, ಸೋತಾಗ ನಾಲ್ಕರವರಂತೆ ನೆಲಕ್ಕುರುಳಿ ಅತ್ತರೆ ‘ಇಷ್ಟು ಜಾಣ ನೀನು, ಹೀಗೇಕೆ’ ಎಂದು ಗದರುವುದು ನಿಷ್ಫಲವೆಂದು ಈ ಪಂಥ ಹೇಳಿತು. ಮೊದಲು ಭಾವಕ್ಕೆ ಹೆಸರು ಕೊಟ್ಟು ಒಪ್ಪಿಕೊಳ್ಳಬೇಕು. ಅಳು ಅಡಗಿದ ಮೇಲೆಯೇ ತರ್ಕ.

ಈ ಪಂಥದ ಎಲ್ಲ ಹೇಳಿಕೆಗಳೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಪ್ರತಿಭಾವಂತ ಮಕ್ಕಳು ಹುಟ್ಟಿನಿಂದಲೇ ಮಾನಸಿಕವಾಗಿ ದುರ್ಬಲರೆಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಪ್ರತಿಭಾವಂತ ಮಕ್ಕಳ ರಾಷ್ಟ್ರೀಯ ಸಂಘ 2002ರಲ್ಲಿ ತಂದ ಸಮೀಕ್ಷಾ ಗ್ರಂಥ ತೀರ್ಮಾನಿಸಿತು. 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಈ ಮಕ್ಕಳಲ್ಲಿ ಆತಂಕ ಇತರರಿಗಿಂತ ಕಡಿಮೆಯೇ ಕಂಡಿತು. ಅತ್ಯುದ್ದೀಪನೆಯ ಮೇಲಿನ ಅಧ್ಯಯನಗಳನ್ನು ವಿಂಕ್ಲರ್ ಮತ್ತು ವಾಯ್ಟ್ 2016ರಲ್ಲಿ ಹೀಗೆಯೇ ಒಟ್ಟುಗೂಡಿಸಿದರು. ಬುದ್ಧಿ, ಕಲ್ಪನೆ, ಭಾವ, ಇಂದ್ರಿಯ ಈ ನಾಲ್ಕರಲ್ಲಿ ಪ್ರತಿಭಾವಂತರು ಸ್ವಲ್ಪ ಮುಂದಿದ್ದರು, ಚಲನೆಯಲ್ಲಿ ವ್ಯತ್ಯಾಸವಿರಲಿಲ್ಲ. ನಾಲ್ಕರ ಅಂತರವೂ ದೊಡ್ಡದೇನಲ್ಲ. ಈ ಗುಣಗಳು ವ್ಯಕ್ತಿತ್ವ ಮಾಪನದಲ್ಲಿ ಮೊದಲೇ ಪರಿಚಿತವಾದ ‘ಅನುಭವಮುಕ್ತತೆ’ಯೊಂದಿಗೆ, ಅಂದರೆ ಹೊಸ ಅನುಭವಗಳಿಗೆ ತೆರೆದುಕೊಳ್ಳುವ ಗುಣದೊಂದಿಗೆ, ಬಹಳ ಮಟ್ಟಿಗೆ ಒಂದಾಗುತ್ತವೆ ಎಂಬ ವಾದವೂ ಅದೇ ವರ್ಷ ಬಂತು.

ಟರ್ಮನ್ ಮತ್ತು ವೆಬ್ ಇಬ್ಬರೂ ತಾವು ತಾವು ಕಂಡದ್ದನ್ನೇ ಹೇಳಿದರು. ಶಿಕ್ಷಕರು ಆರಿಸಿದ ಮಕ್ಕಳಲ್ಲಿ ನೆಮ್ಮದಿ ಕಾಣಿಸಿತು. ಆಪ್ತಸಲಹಾ ಕೊಠಡಿಗೆ ಬಂದ ಮಕ್ಕಳಲ್ಲಿ ಸಂಕಟ ಕಾಣಿಸಿತು. ಆದ್ದರಿಂದ ಭಾವತೀವ್ರತೆಯನ್ನು ಪ್ರತಿಭೆಯ ಗುರುತೆಂದು ಭಾವಿಸುವುದು ತಪ್ಪು, ಪ್ರತಿಭಾವಂತ ಮಗುವಿಗೆ ಅದು ಇರಲಾರದೆಂದು ತಳ್ಳಿಹಾಕುವುದೂ ತಪ್ಪು. ವೆಬ್ ಬಳಗ 2005ರಲ್ಲಿ ತಂದ ಪುಸ್ತಕ ಈ ಮಕ್ಕಳ ಚಡಪಡಿಕೆಗೆ ಅವಸರದಲ್ಲಿ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಎಂಬ ಹೆಸರು ಬೀಳುವ ಅಪಾಯವನ್ನು ಎತ್ತಿ ತೋರಿತು. ಬುದ್ಧಿವಂತಿಕೆಯ ನೆರಳಲ್ಲಿ ನಿಜವಾದ ಎಡಿಎಚ್‌ಡಿ ಅಥವಾ ಖಿನ್ನತೆ ಮರೆಯಾಗುವ ಅಪಾಯವನ್ನೂ ಅದು ಹೇಳಿತ್ತು. ಈ ಎರಡನೆಯ ಅಪಾಯದ ಮಾತು ಹೆತ್ತವರ ನಡುವೆ ಕಡಿಮೆ ಹರಡಿತು. ಆದರೆ ಮಗುವಿಗೆ ಬೇಕಾದ ಚಿಕಿತ್ಸೆ ತಪ್ಪುವುದು ತೊಂದರೆ ಹೀಗೆ ಮರೆಯಾದಾಗಲೇ. ಚಡಪಡಿಕೆ ಆಸಕ್ತಿಯ ಕೆಲಸ ಸಿಕ್ಕಾಗ ಅಡಗುತ್ತದೋ, ಎಲ್ಲ ಕಡೆಯೂ ಒಂದೇ ಸಮನಿರುತ್ತದೋ, ನಿದ್ದೆ, ಊಟ, ಗೆಳೆತನ ಕೆಡುತ್ತಿವೆಯೋ ಎಂದು ಹೆತ್ತವರು ಗಮನಿಸಿ ಬರೆದಿಟ್ಟರೆ ವೈದ್ಯರಿಗೆ ಅಂಥ ವಿವರಗಳು ಬಹಳ ನೆರವಾಗುತ್ತವೆ.